ನಮ್ಮೂರ ಹೈಸ್ಕೂಲು ಎಷ್ಟು ಹಳೆಯದು, ಎಷ್ಟು ಒಳ್ಳೆಯದು: ತಿಳಿಯೋದು ಹೇಗೆ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮಾರನೇ ದಿನ ಹಾಸನ ಜಿಲ್ಲೆಯ ಯಾವುದೇ ಹೋಬಳಿ ಊರಿಗೆ ಹೋಗಿ ನೋಡಿ. ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಎದ್ದಿರುತ್ತದೆ. ಒಂದರಲ್ಲಿ ನೂರಕ್ಕೆ ನೂರು ಫಲಿತಾಂಶ, ಇನ್ನೊಂದರಲ್ಲಿ ತಾಲ್ಲೂಕಿಗೆ ಮೊದಲು. ಅದರ ಎದುರಿಗೇ ಇರುವ ಸರ್ಕಾರಿ ಹೈಸ್ಕೂಲಿನ ಗೇಟಿನ ಮೇಲೆ ಒಂದು ಇಸವಿ, ಒಳಗೆ ಅಡಿಗಲ್ಲಿನ ಮೇಲೆ ಇನ್ನೊಂದು ಇಸವಿ. ಊರಿನ ಹಿರಿಯರನ್ನು ಕೇಳಿದರೆ "ನಮ್ಮಪ್ಪ ಅದಕ್ಕೂ ಮೊದಲೇ ಇಲ್ಲಿ ಓದಿದ್ರು" ಅನ್ನುತ್ತಾರೆ. ಯಾರನ್ನು ನಂಬಬೇಕು?

ಹೆಚ್ಚಿನ ಸಲ ಎಲ್ಲರೂ ಸರಿಯೇ. ಒಂದೇ ಶಾಲೆಗೆ ಎರಡು ಮೂರು ಹುಟ್ಟಿದ ದಿನ ಇರುತ್ತದೆ, ಅಷ್ಟೇ. ಶಾಲೆ ಗಳಿಸಿದ ಒಳ್ಳೆಯ ಹೆಸರಿನ ಪ್ರಶ್ನೆಯೂ ಹಾಗೇ. ಫ್ಲೆಕ್ಸಿನ ಮೇಲಿನ ಶೇಕಡಾ ಸುಳ್ಳಲ್ಲ, ಆದರೆ ಅದೊಂದನ್ನೇ ನೋಡಿ ಮಗುವನ್ನು ಎಲ್ಲಿಗೆ ಸೇರಿಸಬೇಕು ಅಂತ ತೀರ್ಮಾನ ಮಾಡೋದು ತಪ್ಪು. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ: ಎಂಟನೇ ಕ್ಲಾಸಿಗೆ ಬಂದ ಮಕ್ಕಳಲ್ಲಿ ಎಷ್ಟು ಮಂದಿ ಹತ್ತು ಪಾಸಾಗಿ ಹೊರಗೆ ಹೋದರು? ಶಾಲೆಯ ಚರಿತ್ರೆ, ಹೆಸರು ಎರಡೂ ಈ ಪ್ರಶ್ನೆಯ ಸುತ್ತಲೇ ಇವೆ.

ಮೊದಲು ಚರಿತ್ರೆ ನೋಡೋಣ. ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡೂ ಜಿಲ್ಲೆಗಳು ಹಳೇ ಮೈಸೂರು ಸಂಸ್ಥಾನದವು. 1868ರಲ್ಲಿ ಬಿ.ಎಲ್. ರೈಸ್ ಅವರು ಹೋಬಳಿಗೊಂದು ಶಾಲೆ ಇರಬೇಕು ಅನ್ನುವ ಯೋಜನೆ ಕೊಟ್ಟರು. ಶಾಸನಗಳನ್ನು ಸಂಗ್ರಹಿಸಿದ ಅದೇ ರೈಸ್. ನಮ್ಮ ಕಡೆಯ ಹಳೇ ಶಾಲೆಗಳಲ್ಲಿ ಎಷ್ಟೋ ಈ ಯೋಜನೆಯ ಬೇರಿನಿಂದಲೇ ಬಂದವು. ಆದರೆ ಅಲ್ಲಿ ಕಲಿಸುತ್ತಿದ್ದದ್ದು ಕನ್ನಡ ಓದು, ಬರಹ, ಲೆಕ್ಕ. ಹೈಸ್ಕೂಲು ಅನ್ನೋದು ತುಂಬಾ ದೂರದ ಮಾತು. ನಡುವೆ ಮಿಡ್ಲ್ ಸ್ಕೂಲ್ ಇತ್ತು, ಇಂಗ್ಲಿಷನ್ನೂ ಕಲಿಸುವ ಎ.ವಿ. ಅಂದರೆ ಆಂಗ್ಲೋ ವರ್ನಾಕ್ಯುಲರ್ ಸ್ಕೂಲ್ ಇತ್ತು. ಎಲ್.ಎಸ್. ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ ಪಾಸಾದವರು ಊರಿನಲ್ಲಿ ಓದಿದವರು ಅನ್ನಿಸಿಕೊಳ್ಳುತ್ತಿದ್ದರು. ಹೈಸ್ಕೂಲು ಓದಬೇಕು ಅಂದರೆ ಜಿಲ್ಲಾ ಕೇಂದ್ರಕ್ಕೋ ದೊಡ್ಡ ಪಟ್ಟಣಕ್ಕೋ ಹೋಗಬೇಕು. ಅಲ್ಲಿ ನೆಂಟರ ಮನೆ ಇದ್ದರೆ ಸರಿ, ಇಲ್ಲದಿದ್ದರೆ ವಾರಾನ್ನ, ಇಲ್ಲವೇ ಜಾತಿವಾರು ಕಟ್ಟಿದ ಉಚಿತ ಹಾಸ್ಟೆಲ್. ಆ ಹಾಸ್ಟೆಲ್‌ಗಳ ಕಥೆಯನ್ನು ಬಿಟ್ಟು ನಮ್ಮ ಕಡೆಯ ಹೈಸ್ಕೂಲುಗಳ ಕಥೆ ಹೇಳೋಕೇ ಆಗಲ್ಲ. ಎಷ್ಟೋ ಮನೆಗಳಲ್ಲಿ ಮೊದಲ ಮೆಟ್ರಿಕ್ಯುಲೇಟ್ ಆದವರು ಅಂಥ ಕಡೆಯೇ ಉಂಡು ಮಲಗಿ ಓದಿದವರು.

ಇದಾದ ಮೇಲೆ ಊರವರೇ ಹೈಸ್ಕೂಲು ಕೇಳೋಕೆ ಶುರು ಮಾಡಿದರು. ಪಟ್ಟಣಗಳಲ್ಲಿ ಮುನಿಸಿಪಲ್ ಹೈಸ್ಕೂಲು ಬಂತು. ಹಳ್ಳಿ ಕಡೆ ತಾಲ್ಲೂಕು ಬೋರ್ಡ್ ಹೈಸ್ಕೂಲು ಬಂತು. 1959ರ ಪಂಚಾಯಿತಿ ಮತ್ತು ಸ್ಥಳೀಯ ಬೋರ್ಡುಗಳ ಕಾಯ್ದೆಯ ನಂತರ ತಾಲ್ಲೂಕು ಅಭಿವೃದ್ಧಿ ಬೋರ್ಡುಗಳಾದವು, ಅದಕ್ಕೇ ಹಳಬರು ಈಗಲೂ "ಬೋರ್ಡ್ ಹೈಸ್ಕೂಲು" ಅಂತ ಕರೆಯುವುದು. ಜಾಗ ಕೊಟ್ಟವರು ಊರಿನ ಗೌಡರೋ ಪಟೇಲರೋ ಎಸ್ಟೇಟ್ ಸಾಹುಕಾರರೋ. ಕಲ್ಲು, ಮರ, ಕೂಲಿ ಊರಿನವರದು. ಮುಂದೆ ಇವನ್ನು ಸರ್ಕಾರ ವಹಿಸಿಕೊಂಡಿತು. ಆಮೇಲೆ 1970ರ ದಶಕದ ಆರಂಭದಲ್ಲಿ ಪಿಯುಸಿ ಎರಡು ವರ್ಷದ್ದಾಯಿತು, ಹಲವು ಹೈಸ್ಕೂಲುಗಳಿಗೆ ಪಿಯು ತರಗತಿ ಸೇರಿ ಅವು ಜೂನಿಯರ್ ಕಾಲೇಜುಗಳಾದವು. 2018-19ರಿಂದ ಕೆಲವು ಕಡೆ ಎಲ್ಲವೂ ಸೇರಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಹೆಸರು ಕರ್ನಾಟಕ ಪಬ್ಲಿಕ್ ಸ್ಕೂಲ್.

ಈಗ ಲೆಕ್ಕ ಹಾಕಿ. ಅದೇ ಜಾಗ, ಕೆಲವೊಮ್ಮೆ ಅದೇ ಹಂಚಿನ ಕಟ್ಟಡ, ಆದರೆ ಮಿಡ್ಲ್ ಸ್ಕೂಲ್, ಬೋರ್ಡ್ ಹೈಸ್ಕೂಲ್, ಸರ್ಕಾರಿ ಜೂನಿಯರ್ ಕಾಲೇಜು, ಕೆಪಿಎಸ್ ಅಂತ ನಾಲ್ಕು ಹೆಸರು. ಗೇಟಿನ ಮೇಲೆ ಬರೆದಿರುವುದು ಇದರಲ್ಲಿ ಯಾವುದೋ ಒಂದರ ಇಸವಿ. ಸುವರ್ಣ ಮಹೋತ್ಸವ ಯಾವಾಗ ಮಾಡಬೇಕು ಅಂತ ಹಳೇ ವಿದ್ಯಾರ್ಥಿಗಳ ಸಂಘದಲ್ಲಿ ಜಗಳ ಆಗೋದು ಇದಕ್ಕೇ.

ಹಳೇ ಕಾಗದ ಹುಡುಕುವವರಿಗೆ ಒಂದು ಮಾತು. ಚಿಕ್ಕಮಗಳೂರು ಜಿಲ್ಲೆ ಅಂತ ಹುಡುಕಿದರೆ ಸಂಸ್ಥಾನ ಕಾಲದ ದಾಖಲೆ ಸಿಗೋದು ಕಷ್ಟ, ಆಗ ಅದು ಕಡೂರು ಜಿಲ್ಲೆ. ಚಿಕ್ಕಮಗಳೂರು ಅದರ ಕೇಂದ್ರವಾಗಿತ್ತು ಅಷ್ಟೇ. ಹಾಸನವೂ 1882ರಿಂದ 1886ರವರೆಗೆ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, ಮೈಸೂರು ಜಿಲ್ಲೆಯೊಳಗೆ ಸೇರಿತ್ತು. ಆ ನಾಲ್ಕು ವರ್ಷದ ಕಾಗದ ಅಲ್ಲೇ ಹುಡುಕಬೇಕು.

ಇಷ್ಟೆಲ್ಲ ತಲೆಬಿಸಿ ಬೇಡ ಅಂದರೆ ಶಾಲೆಯಲ್ಲೇ ಒಂದು ಪುಸ್ತಕ ಇದೆ. ದಾಖಲಾತಿ ಪುಸ್ತಕ, ಎಲ್ಲರ ಬಾಯಲ್ಲೂ ಅಡ್ಮಿಷನ್ ರಿಜಿಸ್ಟರ್. ಹೆಡ್‌ಮೇಷ್ಟ್ರ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಇರುತ್ತದೆ. ಉದ್ದದ ದಪ್ಪ ಪುಸ್ತಕ, ರಟ್ಟು ಕಿತ್ತು ಬಟ್ಟೆ ಅಂಟಿಸಿರುತ್ತಾರೆ, ಮಲೆನಾಡಿನ ಶಾಲೆಯಾದರೆ ಹಾಳೆಗಳ ಅಂಚು ಥಂಡಿ ಹಿಡಿದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮೊದಲ ಸಾಲಿನಲ್ಲಿ ಅಡ್ಮಿಷನ್ ನಂಬರ್ 1. ಆ ಮಗು ಸೇರಿದ ತಾರೀಖು ಏನಿದೆಯೋ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ. ಕಾಲಂಗಳನ್ನು ಎಡದಿಂದ ಬಲಕ್ಕೆ ಓದಿ. ಹೆಸರು, ತಂದೆಯ ಹೆಸರು, ಊರು, ಜಾತಿ, ಹುಟ್ಟಿದ ತಾರೀಖು, ಹಿಂದೆ ಓದಿದ ಶಾಲೆ, ತಂದೆಯ ಕಸುಬು, ಸೇರಿದ ತರಗತಿ, ಬಿಟ್ಟ ತಾರೀಖು, ಬಿಟ್ಟ ಕಾರಣ. ಎಲ್ಲ ಪುಸ್ತಕದಲ್ಲೂ ಇದೇ ಕ್ರಮ ಇರಲ್ಲ, ಆದರೆ ಕೊನೆಯ ಎರಡು ಇದ್ದೇ ಇರುತ್ತವೆ, ಟಿಸಿ ಕೊಡಲು ಅವು ಬೇಕೇ ಬೇಕು.

ನನಗೆ ಈ ಪುಸ್ತಕದಲ್ಲಿ ತಂದೆಯ ಕಸುಬಿನ ಕಾಲಂ ತುಂಬಾ ಇಷ್ಟ. ಬೇಸಾಯ, ಬೇಸಾಯ, ಕೂಲಿ, ಬೇಸಾಯ, ಎಸ್ಟೇಟ್ ರೈಟರ್, ಅಂಗಡಿ, ಬೇಸಾಯ. ಹುಟ್ಟಿದ ತಾರೀಖು ಅರ್ಧಕ್ಕರ್ಧ ಜೂನ್ ತಿಂಗಳದ್ದು, ಯಾಕೆಂದರೆ ಸೇರಿಸುವಾಗ ಮೇಷ್ಟ್ರೇ ಅಂದಾಜು ಹಾಕಿ ಬರೆದುಬಿಡುತ್ತಿದ್ದರು. ಹತ್ತಿಪ್ಪತ್ತು ಪುಟ ಮಗುಚಿದರೆ ಹುಡುಗಿಯರ ಹೆಸರು ಯಾವ ಪುಟದಿಂದ ಜಾಸ್ತಿಯಾಯಿತು ಅನ್ನೋದು ಕಣ್ಣಿಗೇ ಕಾಣುತ್ತದೆ. ಎಸ್ಟೇಟ್ ಕೂಲಿಯವರ ಲೈನ್ ಮನೆಗಳ ಮಕ್ಕಳು, ದಲಿತ ಕೇರಿಯ ಮಕ್ಕಳು ಯಾವ ವರ್ಷದಿಂದ ಹೈಸ್ಕೂಲು ಮೆಟ್ಟಿಲು ಹತ್ತಿದರು ಅನ್ನೋದೂ ಕಾಣುತ್ತದೆ. ಶಾಲೆಯ ನಿಜವಾದ ಚರಿತ್ರೆ ಇದೇ. ಸ್ಮರಣ ಸಂಚಿಕೆಗಳಲ್ಲಿ ಇದರ ಒಂದು ಸಾಲೂ ಇರಲ್ಲ ಅನ್ನೋದು ನನಗೆ ಬೇಜಾರು. ಉದ್ಘಾಟಕರ ಫೋಟೋಗಳೇ ಪುಟ ತುಂಬಿರುತ್ತವೆ.

ಸುತ್ತಲಿನ ಊರಿನಲ್ಲಿ ಏನಾಯಿತು ಅನ್ನೋದೂ ಇದರೊಳಗೆ ಬಂದು ಕೂತಿರುತ್ತದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಕಟ್ಟಿದ್ದು ಮುಗಿದದ್ದು 1979ರಲ್ಲಿ. ಹಿನ್ನೀರಿನಲ್ಲಿ ಊರು ಕಳೆದುಕೊಂಡವರು ಬೇರೆ ಕಡೆ ಹೋಗಿ ನೆಲೆಸಿದರು. ಆ ಭಾಗದ ಶಾಲೆಗಳ ಪುಸ್ತಕ ನೋಡುವಾಗ ಒಂದೇ ಊರಿನ ಮಕ್ಕಳೆಲ್ಲ ಒಟ್ಟಿಗೆ ಬಿಟ್ಟಿದ್ದಾರಾ, ಒಟ್ಟಿಗೆ ಸೇರಿದ್ದಾರಾ ಅಂತ ಗಮನಿಸಬೇಕು. ಹಾಗೆಯೇ 2000ದ ಆಚೀಚೆ ಕಾಫಿ ರೇಟು ನೆಲಕಚ್ಚಿದಾಗ ಎಸ್ಟೇಟ್‌ಗಳಲ್ಲಿ ಕೆಲಸ ಕಡಿಮೆಯಾಗಿ ಎಷ್ಟೋ ಕೂಲಿ ಕುಟುಂಬಗಳು ಜಾಗ ಬಿಟ್ಟವು. ಸಕಲೇಶಪುರ, ಮೂಡಿಗೆರೆ ಕಡೆಯ ಶಾಲೆಗಳಲ್ಲಿ ಆ ವರ್ಷಗಳ "ಬಿಟ್ಟ ಕಾರಣ" ಓದಿ ನೋಡಿ. ಈಚೆಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಅವರಲ್ಲಿ ಎಷ್ಟು ಮಂದಿ ಹೈಸ್ಕೂಲಿನವರೆಗೆ ಬರುತ್ತಾರೆ ಅನ್ನೋದು ಈಗ ಕೇಳಬೇಕಾದ ಪ್ರಶ್ನೆ.

ಇನ್ನು ಶಾಲೆ ಯಾರದು ಅನ್ನುವ ವಿಚಾರ. ಸರ್ಕಾರಿ, ಅನುದಾನಿತ, ಅನುದಾನರಹಿತ ಅಂತ ಮೂರು ಬಗೆ. ಸರ್ಕಾರಿ ಶಾಲೆಯಲ್ಲಿ ಕಟ್ಟಡ, ಸಂಬಳ, ನೇಮಕ ಎಲ್ಲ ಸರ್ಕಾರದ್ದು. ಅನುದಾನಿತ ಶಾಲೆಯ ಆಡಳಿತ ಒಂದು ಸಂಸ್ಥೆಯದ್ದು, ಮಠವೋ ಚರ್ಚೋ ಊರಿನ ವಿದ್ಯಾಸಂಸ್ಥೆಯೋ. ಮೇಷ್ಟ್ರ ಸಂಬಳ ಮಾತ್ರ ಸರ್ಕಾರ ಕೊಡುತ್ತದೆ. ಅನುದಾನರಹಿತ ಶಾಲೆ ಫೀಸಿನ ಮೇಲೆ ನಡೆಯುತ್ತದೆ. ಇಲ್ಲಿ 1987 ಅನ್ನುವ ಇಸವಿ ನೆನಪಿಟ್ಟುಕೊಳ್ಳಿ. ಆ ವರ್ಷದ ನಂತರ ಶುರುವಾದ ಶಾಲೆಗಳಿಗೆ ಅನುದಾನ ಸಿಗೋದು ಕಷ್ಟವಾಯಿತು. ಅದಕ್ಕೇ ನಮ್ಮ ಕಡೆ ಹಳೇ ಖಾಸಗಿ ಹೈಸ್ಕೂಲುಗಳು ಹೆಚ್ಚಾಗಿ ಕನ್ನಡ ಮೀಡಿಯಂ, ಅನುದಾನಿತ, ಫೀಸು ಕಡಿಮೆ. ಹೊಸವು ಹೆಚ್ಚಾಗಿ ಇಂಗ್ಲಿಷ್ ಮೀಡಿಯಂ, ಫೀಸು ಜಾಸ್ತಿ. ಇದರ ಹಿಂದೆ ಆಡಳಿತದವರ ಗುಣಕ್ಕಿಂತ ಶಾಲೆ ಹುಟ್ಟಿದ ಇಸವಿಯ ಕೈವಾಡ ಜಾಸ್ತಿ ಇದೆ.

ಅನುದಾನಿತ ಶಾಲೆಗಳ ಸ್ಥಿತಿ ಈಗ ನಿಜಕ್ಕೂ ಕಷ್ಟದ್ದು. ಮೇಷ್ಟ್ರು ರಿಟೈರ್ ಆದರೆ ಆ ಜಾಗ ತುಂಬೋಕೆ ಸರ್ಕಾರದ ಅನುಮತಿ ಬೇಕು, ಅದು ಬರೋಕೆ ವರ್ಷಗಟ್ಟಲೆ ಆಗುತ್ತದೆ. ಅಲ್ಲಿಯವರೆಗೆ ಆಡಳಿತ ಮಂಡಳಿಯೇ ಕೈಯಿಂದ ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಬೇಕು. ಎಂಬತ್ತು ವರ್ಷದ ಹೆಸರು ಇರುವ ಶಾಲೆಯಲ್ಲೂ ಗಣಿತಕ್ಕೆ ಖಾಯಂ ಮೇಷ್ಟ್ರು ಇಲ್ಲದೇ ಇರಬಹುದು. ಹಳೇ ಹೆಸರು ನಂಬಿ ಸೇರಿಸುವವರು ಇದನ್ನು ಕೇಳಲೇಬೇಕು.

ಜೂನಿಯರ್ ಕಾಲೇಜು ಆಗಿರುವ ಕಡೆ ಇನ್ನೊಂದು ಗೊಂದಲ. ಪ್ರಾಂಶುಪಾಲರು ಪಿಯು ಕಡೆಯವರು, ಹೈಸ್ಕೂಲು ವಿಭಾಗ ನೋಡಿಕೊಳ್ಳೋರು ಉಪಪ್ರಾಂಶುಪಾಲರು. ಮಗುವಿನ ವಿಚಾರ ಮಾತಾಡೋಕೆ ಹೋದರೆ ಉಪಪ್ರಾಂಶುಪಾಲರನ್ನು ಹುಡುಕಿ, ಸುಮ್ನೆ ಆ ಕೋಣೆ ಈ ಕೋಣೆ ಅಂತ ತಿರುಗಬೇಡಿ.

ಈಗ ಫಲಿತಾಂಶಕ್ಕೆ ಬರೋಣ. ಹಾಸನದವರಿಗೆ 2019 ಚೆನ್ನಾಗಿ ನೆನಪಿದೆ. ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆ ಇಡೀ ರಾಜ್ಯಕ್ಕೆ ಮೊದಲು ಬಂತು, ಶೇ 89.33. ನಾಲ್ಕು ವರ್ಷ ಬಿಟ್ಟು 2023ರಲ್ಲಿ ಶೇ 96.68 ಬಂತು, ಆದರೆ ಸ್ಥಾನ ಮೂರನೆಯದು. 2024ರಲ್ಲಿ ಶೇ 86.28ಕ್ಕೆ ಇಳಿದು ಆರನೇ ಸ್ಥಾನ. ನೋಡಿ, ಕಡಿಮೆ ಅಂಕಿಗೆ ಮೊದಲ ಸ್ಥಾನ, ಜಾಸ್ತಿ ಅಂಕಿಗೆ ಮೂರನೇ ಸ್ಥಾನ. ಒಂದೇ ವರ್ಷದಲ್ಲಿ ಹತ್ತು ಅಂಕಿ ಕುಸಿತ. ಮೇಷ್ಟ್ರುಗಳು, ಮಕ್ಕಳು ಒಂದು ವರ್ಷದಲ್ಲಿ ಅಷ್ಟು ಕೆಟ್ಟುಹೋದರಾ? ಇಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. 2021ರದ್ದಂತೂ ಲೆಕ್ಕಕ್ಕೇ ಇಡಬೇಡಿ. ಕೋವಿಡ್ ಇದ್ದುದರಿಂದ ಎರಡೇ ದಿನ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ಆಗಿ ಹೆಚ್ಚುಕಡಿಮೆ ಎಲ್ಲರೂ ಪಾಸಾದರು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬೇರೆ, ಆದ್ದರಿಂದ ಫ್ಲೆಕ್ಸಿನಲ್ಲಿರುವುದು ಮೊದಲ ಪರೀಕ್ಷೆಯ ಅಂಕಿಯೋ ಎಲ್ಲವೂ ಸೇರಿದ್ದೋ ಅಂತ ಕೇಳಬೇಕು. ಅಂದರೆ ಒಂದು ಶಾಲೆಯ ಒಂದು ವರ್ಷದ ಶೇಕಡಾವನ್ನು ಅದೇ ವರ್ಷದ ತಾಲ್ಲೂಕಿನ ಶೇಕಡಾ ಪಕ್ಕ ಇಟ್ಟು ನೋಡಿದರೆ ಮಾತ್ರ ಏನಾದರೂ ಗೊತ್ತಾಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ನಾನು ಆಗಲೇ ಹೇಳಿದ ಪ್ರಶ್ನೆ. ಒಂದು ಉದಾಹರಣೆ ತಗೊಳ್ಳಿ, ಅಂಕಿ ಲೆಕ್ಕಕ್ಕೆ ಮಾತ್ರ. ಒಂದು ಶಾಲೆಗೆ ಎಂಟನೇ ಕ್ಲಾಸಿಗೆ 60 ಮಕ್ಕಳು ಸೇರಿದರು. ಹತ್ತರಲ್ಲಿ ಪರೀಕ್ಷೆ ಬರೆದವರು 48, ಪಾಸಾದವರು 46. ಫ್ಲೆಕ್ಸಿನಲ್ಲಿ ಶೇ 96. ಇನ್ನೊಂದು ಶಾಲೆಗೆ 40 ಮಕ್ಕಳು ಸೇರಿದರು, 40 ಜನವೂ ಬರೆದರು, 34 ಜನ ಪಾಸು. ಶೇ 85. ಈಗ ಸೇರಿದವರ ಲೆಕ್ಕದಲ್ಲಿ ನೋಡಿ. ಮೊದಲನೇ ಶಾಲೆ 60ಕ್ಕೆ 46, ಅಂದರೆ ಶೇ 77. ಎರಡನೆಯದು ಅದೇ 85. ಕಾಣೆಯಾದ ಆ 12 ಮಕ್ಕಳು ಎಲ್ಲಿ ಹೋದರು? ಕೆಲವರು ಟಿಸಿ ತಗೊಂಡು ಬೇರೆ ಶಾಲೆಗೆ ಹೋಗಿರಬಹುದು, ಅದು ತಪ್ಪಲ್ಲ. ಕೆಲವರು ಕೂಲಿಗೆ ಹೋಗಿರಬಹುದು. ಕೆಲವರಿಗೆ ಒಂಬತ್ತರಲ್ಲೇ "ಇವನು ಪಾಸಾಗಲ್ಲ, ಕರ್ಕೊಂಡು ಹೋಗಿ" ಅಂತ ಹೇಳಿ ಕಳಿಸಿರಬಹುದು. ಫಲಿತಾಂಶ ಉಳಿಸಿಕೊಳ್ಳಲು ಮಗುವನ್ನು ಹೊರಗೆ ಕಳಿಸುವುದು ನನ್ನ ಕಣ್ಣಿಗೆ ದೊಡ್ಡ ಅನ್ಯಾಯ, ಎಷ್ಟು ದೊಡ್ಡ ಹೆಸರಿನ ಶಾಲೆಯಾದರೂ ಸರಿ. ಶಿಕ್ಷಣ ಹಕ್ಕು ಕಾಯ್ದೆ 2010ರಿಂದ ಜಾರಿಯಲ್ಲಿದ್ದರೂ ಅದರ ರಕ್ಷಣೆ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಒಂಬತ್ತು, ಹತ್ತರ ಮಗುವಿಗೆ ಆ ಕಾಯ್ದೆ ಆಸರೆಯಾಗಲ್ಲ. ಸರಿಯಾಗಿ ಆಸರೆ ಬೇಕಾದ ಹೊತ್ತಿನಲ್ಲೇ ಅದು ಕೈಬಿಟ್ಟುಹೋಗುತ್ತದೆ, ಅಲ್ವಾ?

ಶಾಲೆ ಯಾರನ್ನು ಸೇರಿಸಿಕೊಳ್ಳುತ್ತದೆ ಅನ್ನೋದೂ ಅಷ್ಟೇ ಮುಖ್ಯ. ಮಾವಿನಕೆರೆಯ ನವೋದಯಕ್ಕೋ ಬಾಳೆಹೊನ್ನೂರು ಹತ್ತಿರದ ನವೋದಯಕ್ಕೋ ಮಕ್ಕಳು ಪರೀಕ್ಷೆ ಬರೆದು ಸೇರುತ್ತಾರೆ, ಮೊರಾರ್ಜಿ ಶಾಲೆಗೂ ಪರೀಕ್ಷೆ ಇದೆ. ಅವರ ಫಲಿತಾಂಶದ ಪಕ್ಕ ಹೆತ್ತೂರು, ಯಸಳೂರು, ಆಲ್ದೂರು, ಬಣಕಲ್ ಅಂಥ ಊರಿನ ಸರ್ಕಾರಿ ಹೈಸ್ಕೂಲಿನ ಫಲಿತಾಂಶ ಇಟ್ಟು "ನೋಡಿ, ಇವರು ಹಿಂದೆ" ಅನ್ನೋದು ನ್ಯಾಯವಲ್ಲ. ಅಲ್ಲಿ ಬಂದ ಮಗುವನ್ನೆಲ್ಲ ಸೇರಿಸಿಕೊಳ್ಳಬೇಕು.

ಮಲೆನಾಡಿನಲ್ಲಿ ಇನ್ನೂ ಒಂದಿದೆ, ದಾರಿ. ಅರಸೀಕೆರೆ, ಕಡೂರು ಕಡೆ ಊರುಗಳು ಒತ್ತಟ್ಟಿಗಿವೆ, ಬಸ್ಸು ಸಿಗುತ್ತದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮನೆಗೂ ಮನೆಗೂ ಮೈಲಿ ದೂರ. ಹೈಸ್ಕೂಲು 5 ಕಿಲೋಮೀಟರ್ ಒಳಗೆ ಇರಬೇಕು ಅಂತ 2009ರಲ್ಲಿ ಶುರುವಾದ ಕೇಂದ್ರದ ಮಾಧ್ಯಮಿಕ ಶಿಕ್ಷಣ ಅಭಿಯಾನ ಗುರಿ ಇಟ್ಟುಕೊಂಡಿತ್ತು. ಆದರೆ ಹಳ್ಳ ಉಕ್ಕಿದಾಗ, ಕಾಲುಸಂಕ ಕೊಚ್ಚಿಹೋದಾಗ, ದಾರಿಯಲ್ಲಿ ಆನೆ ನಿಂತಾಗ ಆ 5 ಕಿಲೋಮೀಟರ್ ಎಷ್ಟಾಗುತ್ತದೆ ಅಂತ ಅಲ್ಲಿನ ತಾಯಂದಿರನ್ನೇ ಕೇಳಬೇಕು. ಜುಲೈ, ಆಗಸ್ಟಿನಲ್ಲಿ ಮಳೆ ರಜೆ ಕೊಟ್ಟು ಆಮೇಲೆ ಶನಿವಾರ ಪೂರ್ತಿ ದಿನ ತರಗತಿ ಮಾಡಿ ಸರಿದೂಗಿಸುತ್ತಾರೆ, ಆದರೆ ರಜೆ ಘೋಷಣೆ ಆಗದ ದಿನವೂ ಎಷ್ಟೋ ಮಕ್ಕಳು ಬರೋಕೆ ಆಗಿರಲ್ಲ. 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿದ್ದು ಹುಡುಗಿಯರನ್ನು ಹೈಸ್ಕೂಲಿಗೆ ಕರೆತಂದ ದೊಡ್ಡ ಕೆಲಸ. ಕೋವಿಡ್ ಸಮಯದಲ್ಲಿ ಅದು ನಿಂತುಹೋಯಿತು. ಘಾಟಿ ರಸ್ತೆಯಲ್ಲಿ ಸೈಕಲ್ ತುಳಿಯೋಕೆ ಆಗಲ್ಲ ಅನ್ನುವ ಮಾತು ಕೆಲವು ಕಡೆಗೆ ನಿಜ, ಆದರೆ ಬಯಲಿನ ಕಡೆ ಮಕ್ಕಳಿಗೆ ಅದು ಬೇಕಿತ್ತು. ಮಧ್ಯಾಹ್ನದ ಊಟ ಹೈಸ್ಕೂಲಿಗೂ ಬಂದದ್ದು 2007ರಲ್ಲಿ. ಬೆಳಿಗ್ಗೆ ಏಳಕ್ಕೆ ಮನೆ ಬಿಡುವ ಮಗುವಿಗೆ ಅದೇ ದಿನದ ಮೊದಲ ಸರಿಯಾದ ಊಟ ಆಗಿರುತ್ತದೆ.

ಮೇಷ್ಟ್ರ ವಿಚಾರ ಹೇಳದೆ ಇದು ಮುಗಿಯಲ್ಲ. ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬರು ಬೇಕು. ಗಣಿತ ಮತ್ತು ಭೌತವಿಜ್ಞಾನಕ್ಕೆ ಪಿಸಿಎಂ (ಡಿಗ್ರಿಯಲ್ಲಿ ಭೌತ, ರಸಾಯನ, ಗಣಿತ ಓದಿದವರು), ಜೀವವಿಜ್ಞಾನಕ್ಕೆ ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿ ಶಾಸ್ತ್ರ ಓದಿದವರು), ಸಮಾಜಕ್ಕೆ ಆರ್ಟ್ಸ್ ಮೇಷ್ಟ್ರು, ಮೂರು ಭಾಷೆಗೆ ಮೂವರು, ಪಿ.ಟಿ. ಮೇಷ್ಟ್ರು, ಡ್ರಾಯಿಂಗ್ ಮೇಷ್ಟ್ರು. ದೂರದ ಊರಿಗೆ ಪೋಸ್ಟಿಂಗ್ ಆದವರು ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಅವಕಾಶ ಸಿಕ್ಕ ಕೂಡಲೇ ಪಟ್ಟಣದ ಕಡೆಗೆ ಹೋಗುತ್ತಾರೆ. ಅವರನ್ನೂ ದೂರುವಂತಿಲ್ಲ, ಅವರಿಗೂ ಮನೆ ಮಕ್ಕಳು ಇದ್ದಾರೆ. ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ, ಅವರ ಗೌರವಧನ ತೀರಾ ಕಡಿಮೆ. ಶಾಲೆ ಜೂನ್‌ನಲ್ಲಿ ತೆರೆದರೂ ಅವರ ನೇಮಕ ತಡವಾದರೆ ಅಷ್ಟು ದಿನ ಗಣಿತದ ಪಾಠ ಇಲ್ಲ. ಹಾಗಾಗಿ "ರಿಸಲ್ಟ್ ಎಷ್ಟು?" ಅಂತ ಕೇಳುವ ಮೊದಲು "ಪಿಸಿಎಂ ಮೇಷ್ಟ್ರು ಇದ್ದಾರಾ, ಯಾವಾಗಿಂದ ಇದ್ದಾರೆ?" ಅಂತ ಕೇಳಿ. ಐದು ವರ್ಷ ಒಂದೇ ಕಡೆ ನಿಂತ ಒಬ್ಬ ಗಣಿತದ ಮೇಷ್ಟ್ರು ಒಂದು ಹೋಬಳಿಯ ಮಕ್ಕಳ ದಿಕ್ಕನ್ನೇ ಬದಲಿಸಿದ್ದನ್ನು ನಮ್ಮ ಕಡೆ ಬಹಳ ಜನ ಕಣ್ಣಾರೆ ನೋಡಿದ್ದಾರೆ.

ಇವೆಲ್ಲ ಎಲ್ಲಿ ಸಿಗುತ್ತದೆ ಅಂದರೆ, ಮೊದಲು ಶಾಲೆಯಲ್ಲೇ ಮರ್ಯಾದೆಯಿಂದ ಕೇಳಿ. ಹಳೇ ವಿದ್ಯಾರ್ಥಿ ಅಂತ ಹೇಳಿಕೊಂಡು ಹೋದರೆ ಬಹಳಷ್ಟು ಹೆಡ್‌ಮೇಷ್ಟ್ರುಗಳು ಸಂತೋಷವಾಗಿ ತೋರಿಸುತ್ತಾರೆ. ಪುಸ್ತಕದಲ್ಲಿ ಜಾತಿ, ಹುಟ್ಟಿದ ತಾರೀಖು ಎಲ್ಲ ಇರುವುದರಿಂದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಂಚಬೇಡಿ, ಅಂಕಿ ಮಾತ್ರ ಬರೆದುಕೊಳ್ಳಿ. ಪ್ರತಿ ಶಾಲೆಗೂ ಯು-ಡೈಸ್ ಅನ್ನುವ 11 ಅಂಕಿಯ ಗುರುತಿನ ನಂಬರ್ ಇದೆ, ಕರ್ನಾಟಕದ್ದೆಲ್ಲ 29ರಿಂದ ಶುರುವಾಗುತ್ತದೆ. ಒಂದೇ ಹೆಸರಿನ ಎರಡು ಶಾಲೆ ಇದ್ದಾಗ ಗೊಂದಲ ಆಗದೆ ಇರಲು ಅದನ್ನೇ ಬಳಸಿ. ಮಕ್ಕಳಿಗೂ ಈಗ ಸ್ಯಾಟ್ಸ್ ಅನ್ನುವ ಇಲಾಖೆಯ ಗುರುತಿನ ನಂಬರ್ ಇರುವುದರಿಂದ ಟಿಸಿ ತಗೊಂಡು ಹೋದವರು ಬೇರೆ ಕಡೆ ಸೇರಿದರಾ ಇಲ್ಲವಾ ಅಂತ ಇಲಾಖೆಗೆ ಗೊತ್ತಾಗುತ್ತದೆ.

ಶಾಲೆಯಲ್ಲಿ ಸಿಗದಿದ್ದರೆ ಬಿಇಒ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು. ಆದ್ದರಿಂದ ಉದ್ದ ಬರೆಯಬೇಡಿ. ಕಳೆದ ಐದು ವರ್ಷಗಳಲ್ಲಿ ಎಂಟನೇ ತರಗತಿಗೆ ಸೇರಿದವರು, ಹತ್ತರಲ್ಲಿ ಪರೀಕ್ಷೆಗೆ ನೋಂದಣಿಯಾದವರು, ಪಾಸಾದವರು, ಟಿಸಿ ಪಡೆದವರು, ವರ್ಷವಾರು ಅಂತ ಇಷ್ಟು ಕೇಳಿದರೆ ಸಾಕು. ಮಂಜೂರಾದ ಹುದ್ದೆ, ಖಾಲಿ ಹುದ್ದೆಗಳ ವಿವರಕ್ಕೆ ಬೇರೆ ಅರ್ಜಿ ಹಾಕಿ, ಎರಡನ್ನೂ ಒಂದರಲ್ಲೇ ಸೇರಿಸಿದರೆ ವಾಪಸ್ ಬರುವ ಸಾಧ್ಯತೆ ಇದೆ.